ಲೆಸ್ಯಾಳ ಅಂಗಿಯ ಎಡತೋಳು

ಹೆಂಡರ್ಸನ್, ಆಕ್ಲೆಂಡ್
21 ಮೇ 2023, ಭಾನುವಾರ

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಧಾರವಾಡದ ಬಿಸಿಲಿನಲ್ಲಿ ಸಂತೆಗೆ ನಡೆದೇ ಹೋಗುತ್ತೀಯೆಂದು ನಿನ್ನ ಮಗ ಪ್ರಮೋದ್ ದೂರು ಹೇಳಿದ. ನಾನಿಲ್ಲಿ ಸ್ವೆಟರಿನೊಳಗೆ ಸುಖವಾಗಿದ್ದೇನೆ. ಮಗಳು ಅಮಿತಾ ಆಸ್ಪತ್ರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ನಾನೂ ಮೊಮ್ಮಗಳು ನಿಧಿಯೂ ರೊಟ್ಟಿ ಬಡಿದಿಟ್ಟಿರುತ್ತೇವೆ. ಅವಳ ರೊಟ್ಟಿ ನ್ಯೂಜಿಲೆಂಡಿನ ನಕಾಶೆಯ ಹಾಗೆ ಎರಡು ತುಂಡು!

ಪಕ್ಕದ ಮನೆಯ ಲೆಸ್ಯಾಳ ಸುದ್ದಿ ಹೇಳಬೇಕು. ಯುದ್ಧ ಶುರುವಾದಾಗ ಉಕ್ರೇನಿನ ಪೊಲ್ತಾವಾ ಊರಿನಿಂದ ಬಂದವಳು. ತಾಯಿ ಹಲೀನಾ ಮಾತ್ರ ಮನೆ ಬಿಡಲೊಲ್ಲೆನೆಂದು ಅಲ್ಲೇ ಉಳಿದಳು. ಮಗಳು ಹೊರಡುವಾಗ, ತಾನು ಹೊಲಿಯುತ್ತಿದ್ದ ಕಸೂತಿ ಅಂಗಿಯನ್ನು ಅವಳ ಚೀಲಕ್ಕೆ ತುರುಕಿದಳಂತೆ. ವಿಶಿವಾಂಕಾ ಎನ್ನುತ್ತಾರೆ ಅದಕ್ಕೆ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಬಳ್ಳಿ. ನಮ್ಮ ಕಸೂತಿಯಂತೆಯೇ ಎಳೆ ಎಣಿಸಿ ಹಾಕಿದ್ದು. ಬಲತೋಳು ಮುಗಿದಿತ್ತು, ಎಡತೋಳು ಬರಿದು. ಮೇ ತಿಂಗಳಲ್ಲಿ ಉಕ್ರೇನಿನವರೆಲ್ಲ ಆ ಅಂಗಿ ತೊಡುವ ದಿನವೊಂದಿದೆ. ನಾನು ಅಂಗಳದಲ್ಲಿ ಕೂತು ಸೆರಗಿಗೆ ಕಸೂತಿಯ ಗೋಪುರ ಹಾಕುತ್ತಿದ್ದುದನ್ನು ಕಂಡು, ಆ ದಿನದೊಳಗೆ ಎಡತೋಳು ಮುಗಿಸಿಕೊಡೆಂದು ಲೆಸ್ಯಾ ಅಂಗಿ ಹಿಡಿದು ಬಂದಳು. "ತಾಯಿ ಕೆಲಸ ಅದ, ನಾ ಹ್ಯಾಂಗ ಮುಟ್ಟಲಿ?" ಎಂದೆ. ನಿಧಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಲೆಸ್ಯಾ ತಾಯಿಗೆ ವಿಡಿಯೊ ಕರೆ ಮಾಡಿದಳು.

ಹಲೀನಾ ಮೊದಲು ನನ್ನ ಸೆರಗಿನ ಒಳಮಗ್ಗುಲು ತೋರಿಸಲು ಹೇಳಿದಳು. ಎಲ್ಲೂ ಗಂಟಿಲ್ಲದ್ದು ನೋಡಿ ಒಪ್ಪಿದಳು. ಅಂದಿನಿಂದ ಸಂಜೆಯಾದರೆ ಫೋನಿನಲ್ಲಿ ಪಾಠ. ಒಮ್ಮೆ ಆ ಕಡೆ ಸೈರನ್ ಕೂಗಿತು, ಪರದೆ ಕಪ್ಪಾಯಿತು. ಲೆಸ್ಯಾ ನನ್ನ ಕೈ ಬಿಡಲಿಲ್ಲ. ನನಗೂ ಸೂಜಿ ಹಿಡಿಯಲಾಗಲಿಲ್ಲ. ಮರುದಿನ ನೆಲಮಾಳಿಗೆಯಿಂದ ಮುದುಕಿಯ ಮುಖ ಕಾಣಿಸಿತು. ತೋಳಿನ ಕೆಲಸ ನಿಂತದ್ದು ನೋಡಿ ಗದರಿದಳು; ಲೆಸ್ಯಾ ಅದನ್ನು ಇಂಗ್ಲಿಷಿಗಿಳಿಸಿದಳು. "ಅಜ್ಜಿ, ವೈ ಡಿಡ್ ಯೂ ಸ್ಟಾಪ್ ಅಂತೆ!" ಎಂದಳು ನಿಧಿ. ನಾನೂ ಲೆಸ್ಯಾಳೂ ಅಳುತ್ತಲೇ ನಕ್ಕೆವು.

ಮೊನ್ನೆ ಗುರುವಾರ ಲೆಸ್ಯಾ ಆ ಅಂಗಿ ತೊಟ್ಟು ತಮ್ಮವರ ಕೂಟದಲ್ಲಿ ಹಾಡಿದಳು. ನಾನು ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿದ್ದೆ. ಹಾಡಿನ ಒಂದಕ್ಷರವೂ ತಿಳಿಯಲಿಲ್ಲ. ಎದೆ ಮಾತ್ರ ತುಂಬಿತು.

ಪ್ರಮೋದನಿಗೆ ನನ್ನ ಆಶೀರ್ವಾದ. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ತಂಗಿ,
ಭಾನುಮತಿ

ತಾ.ಕ.: ಅಕ್ಕಾ, ಬೈಯಬೇಡ, ಊರಿಗೆ ಬರುವ ಜೂನ್ ಟಿಕೆಟ್ ಮುಂದಕ್ಕೆ ಹಾಕಿದ್ದೇನೆ. ಜಪ್ಪಯ್ಯ ಅಂದರೂ ಹೊರಡದಿದ್ದ ಹಲೀನಾ ಜುಲೈನಲ್ಲಿ ಇಲ್ಲಿಗೆ ಬರುತ್ತಿದ್ದಾಳೆ! ಎಡತೋಳಿನಲ್ಲಿ ನಾನೊಂದು ಎಲೆ ತಪ್ಪು ಹಾಕಿದ್ದೇನಂತೆ. ಎದುರಿಗೆ ಕೂರಿಸಿಕೊಂಡು ಬಿಚ್ಚಿಸುತ್ತಾಳಂತೆ.