ಹೆಬ್ರಿಯನ್ನು ಒಳಗೆ ಸೇರಿಸಿದ ಗೆರೆ

ಡೊಂಬಿವಲಿ ಪೂರ್ವ
ಗುರುವಾರ, ೨೨ ಜನವರಿ ೨೦೨೬

ಸ್ಪಂದೂ,

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೂ ಪ್ರೀತಿಯಿಂದಲೇ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಮಾಡಿದರೆ ಎರಡನೇ ಮಾತಿಗೇ ನನ್ನ ದನಿ ಏರುತ್ತದೆ, ನೀನು ಮರಾಠಿಗೆ ಇಳಿಯುತ್ತೀ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ನೀನು ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಈ ಕಾಗದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅಷ್ಟು ಹೊತ್ತು ನೀನು ಎದುರು ಮಾತಾಡುವಂತಿಲ್ಲ, ನನಗೂ ಅದೇ ಬೇಕಿತ್ತು.

ಫೆಬ್ರವರಿ ಐದಕ್ಕೆ ನಿನ್ನದೂ ಯತಿನ್‌ದೂ ರಿಜಿಸ್ಟರ್ ಮದುವೆ ಎಂದು ಗೊತ್ತಾಗಿದೆ. ಹೇಳಿದ್ದು ನಿನ್ನ ಅಪ್ಪಯ್ಯ. ಅವರು ಭಾನುವಾರ ತುರ್ಭೆ ಮಾರ್ಕೆಟ್ಟಿಗೆ ತರಕಾರಿ ತರುತ್ತೇನೆಂದು ಹೊರಡುತ್ತಾರೆ, ನಾಲ್ಕು ಗಂಟೆ ಬಿಟ್ಟು ಎರಡು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಬರುತ್ತಾರೆ. ನಿನ್ನ ಘನ್ಸೋಲಿಯ ರೂಮಿನಲ್ಲಿ ಕೂತು ಚಹಾ ಕುಡಿದು ಬಂದದ್ದು ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾರೆ, ಪಾಪ. ನಾನೂ ತಿಳಿಯದವಳ ಹಾಗೆ ಕೊತ್ತಂಬರಿ ಬಿಡಿಸುತ್ತೇನೆ.

ಗಣೇಶ ಹಬ್ಬ ಮುಗಿದ ವಾರ ನೀನು ಬ್ಯಾಗು ಹಿಡಿದು ಹೊರಟಾಗ ನಾನು ಏನಂದಿದ್ದೆ ಎಂದು ನಿನಗೆ ನೆನಪಿರುತ್ತದೆ. ಘಟ್ಟದ ಕೆಳಗಿನವರು ನಮಗೆ ಆಗಿಬರುವುದಿಲ್ಲ, ಅವರ ನಡೆ ಬೇರೆ, ದೈವ ದೇವರು ಬೇರೆ, ಮನೆಯೊಳಗೆ ತುಳು ಆಡುತ್ತಾರೆ, ನಿನ್ನನ್ನು ಬೈದರೂ ನಿನಗೆ ತಿಳಿಯುವುದಿಲ್ಲ ಎಂದೆ. ಘಟ್ಟ ಎನ್ನುವುದು ನೆಪ, ಜಾತಿ ಎಂದು ಬಾಯಿಬಿಟ್ಟು ಹೇಳು ಎಂದೆ ನೀನು. ಅದೆಲ್ಲ ಏನೂ ಇಲ್ಲ ಎಂದು ಮುಖ ತಿರುಗಿಸಿದೆ. ಅದು ಅರ್ಧ ಸುಳ್ಳು. ಇನ್ನರ್ಧ ನಿಜ, ಅದನ್ನೂ ನಂಬು. ನಾನು ಕೊಪ್ಪದ ಕಡೆ ಬೆಳೆದವಳು. ಘಟ್ಟದ ಕೆಳಗೆ ಎಂದರೆ ಬೇರೆಯೇ ಲೋಕ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅವಳು ಒಂದು ಸಲವೂ ಘಟ್ಟ ಇಳಿದವಳಲ್ಲ. ನಾನೂ ಹೋಗಿ ನೋಡದೆಯೇ ಅದನ್ನು ನಂಬಿದೆ.

ಈಗ ನಮ್ಮ ಮಲೆನಾಡು ಬಳಗದ ವಿಷಯ ಹೇಳಬೇಕು. ಮುಖ ಸಿಂಡರಿಸಬೇಡ, ನಿನ್ನ ವಿಷಯವೂ ಅದರಲ್ಲೇ ಇದೆ. ಬಳಗಕ್ಕೆ ಇಪ್ಪತ್ತೈದು ವರ್ಷವಾಯಿತೆಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ. ಹಿಂದಿನ ರಕ್ಷಾಪುಟಕ್ಕೆ ಮಲೆನಾಡಿನ ನಕ್ಷೆ ಹಾಕೋಣ, ಗೆರೆಯ ಒಳಗಿನ ಊರಿನವರಿಗೆ ಮಾತ್ರ ಇನ್ನು ಮುಂದೆ ಸದಸ್ಯತ್ವ ಕೊಡೋಣ ಎಂದು ಅಧ್ಯಕ್ಷರು ಹೊರಟರು. ಪುಂಡರೀಕಾಕ್ಷರು ಗೊತ್ತಲ್ಲ, ಶೃಂಗೇರಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಎಲ್ಲದಕ್ಕೂ ಮೂರು ಪ್ರತಿ ಕೇಳುವವರು. ಕಾರ್ಯದರ್ಶಿ ಎಂದು ಪೆನ್ಸಿಲು ಹಿಡಿಯುವ ಕೆಲಸ ನನ್ನ ತಲೆಗೆ ಬಂತು. ಹನ್ನೊಂದನೇ ತಾರೀಕು ನಮ್ಮ ಸೊಸೈಟಿಯ ಆಫೀಸಿನಲ್ಲೇ ಮೀಟಿಂಗು.

ಏನು ಹೇಳಲಿ ಆ ಗಲಾಟೆಯನ್ನು. ಎಷ್ಟು ಮಳೆ ಬೀಳುತ್ತದೆ ಎಂದು ನೋಡಿ ಗೆರೆ ಎಳೆಯಿರಿ ಎಂದರೊಬ್ಬರು. ಹಾಗಾದ್ರೆ ಇಲ್ಲೇ ಪಕ್ಕದ ಅಂಬರನಾಥವೂ ಮಲೆನಾಡೇ ಎಂದರು ಇನ್ನೊಬ್ಬರು. ಮಾತಿನಲ್ಲಿ ‘ಎಂತದು’ ಎನ್ನುವವರು ನಮ್ಮವರು ಎಂದರೆ ಕುಂದಾಪುರದವರೂ ಒಳಗೆ ಬಂದು ಕೂರುತ್ತಾರೆ. ಕುಚ್ಚಲಕ್ಕಿ ಉಣ್ಣುವವರೆಲ್ಲ ಕೆಳಗಿನವರು, ಅದೊಂದೇ ಸರಿಯಾದ ಪರೀಕ್ಷೆ ಎಂದು ಪುಂಡರೀಕಾಕ್ಷರು ಮೇಜು ಕುಟ್ಟಿದರು. ಹಿಂದಿನ ಕುರ್ಚಿಯಿಂದ ಅವರ ಹೆಂಡತಿ ತಣ್ಣಗೆ, “ಸಕ್ಕರೆ ಕಾಯಿಲೆ ಬಂದ್ಮೇಲೆ ನಮ್ಮನೇಲಿ ಎರಡು ಹೊತ್ತೂ ಬೇಯೋದು ಅದೇ” ಎಂದರು. ಆಮೇಲೆ ಚಾಂದ್ರಮಾನ ಯುಗಾದಿ ಮಾಡುವವರು ಮೇಲಿನವರು, ಸೌರಮಾನದ ಬಿಸು ಮಾಡುವವರು ಕೆಳಗಿನವರು ಎಂಬ ಮಾತು ಬಂತು. ಅದಕ್ಕೆ ಮಾತ್ರ ತುಂಬ ಜನ ತಲೆಯಾಡಿಸಿದರು.

ಆಗ ನಾನು ಎದ್ದೆ. ಜಿಗಣೆ ಎಲ್ಲಿಯವರೆಗೆ ಹತ್ತುತ್ತದೋ ಅಲ್ಲಿಯವರೆಗೆ ಮಲೆನಾಡು ಎಂದೆ. ಎಲ್ಲರೂ ನಕ್ಕರು. ನಗುತ್ತಿರುವಾಗಲೇ ಆಗುಂಬೆಯ ಅಂಚಿನಲ್ಲಿದ್ದ ಗೆರೆಯನ್ನು ಅಳಿಸಿ, ಘಾಟಿಯ ತಿರುವುಗಳಲ್ಲಿ ಕೆಳಗಿಳಿಸಿ, ಸೋಮೇಶ್ವರ ದಾಟಿಸಿ, ಹೆಬ್ರಿಯ ಆಚೆ ಕಡೆಯಿಂದ ತಿರುಗಿಸಿಬಿಟ್ಟೆ. ಘಾಟಿಯ ಬುಡದ ಕಾಡು ಮೇಲಿನ ಕಾಡೇ, ಮಳೆಯೂ ಅದೇ, ಬುಡದ ಜನರನ್ನು ಹೊರಗಿಟ್ಟರೆ ನ್ಯಾಯವಲ್ಲ ಎಂದು ಭಾಷಣ ಮಾಡಿದೆ. “ಹೆಬ್ರಿಯೇ ಯಾಕಮ್ಮ? ಹೆಬ್ರಿ ತಗೊಂಡ್ರೆ ನಾಳೆ ಕಾರ್ಕಳದವ್ರು ಸುಮ್ನಿರ್ತಾರಾ?” ಎಂದರು ಪುಂಡರೀಕಾಕ್ಷರು. ಯತಿನ್‌ನ ಹಿರಿಯರ ಮನೆ ಹೆಬ್ರಿಯಿಂದ ಎರಡು ಮೈಲಿ ಎಂದು ನಾನು ಹೇಳಲಿಲ್ಲ. ಕೈ ಎತ್ತಿಸಿದರು. ಒಂದು ಮತದಿಂದ ಹೆಬ್ರಿ ಒಳಗೆ ಬಂತು.

ಹೌದು ಕಣೇ, ನಿನ್ನ ಹುಡುಗನಿಗಾಗಿಯೇ ಸರಿಸಿದ್ದು. ನಿನ್ನನ್ನು ಮನೆಗೆ ಕರೆಯಬೇಕಿತ್ತು, ಆಡಿದ ಮಾತು ಹಿಂದೆ ತೆಗೆದುಕೊಳ್ಳಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಗೆರೆಯೇ ಸರಿದರೆ ಅವನು ನಮ್ಮವನೇ ಆಗುತ್ತಾನೆ, ನಾನೂ ಸೋಲಲಿಲ್ಲ ಅನ್ನಬಹುದು ಎಂದು ಲೆಕ್ಕ ಹಾಕಿದೆ. ನಗಬೇಡ. ಆ ದಿನ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಕಳೆದ ಭಾನುವಾರ ನಿನ್ನ ಅಪ್ಪಯ್ಯ ಕೊತ್ತಂಬರಿಗೆ ಹೋದ ಕೂಡಲೇ ನಕ್ಷೆಯ ಜೆರಾಕ್ಸನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಲೋಕಲ್ ಹಿಡಿದೆ. ಥಾಣೆಯ ನೌಪಾಡಾದಲ್ಲಿ ಯತಿನ್ ಮನೆಯವರ ಹೋಟೆಲಿಗೆ ಹೋದೆ. ಸಂಚಿಕೆಗೆ ಜಾಹೀರಾತು ಕೇಳುವ ನೆಪ. ಗಲ್ಲಾಪೆಟ್ಟಿಗೆಯ ಹತ್ತಿರ ಅವನ ತಾಯಿಯೇ ಕೂತಿದ್ದರು. ನನ್ನ ಹೆಸರು ಪುಟ್ಟಮ್ಮ, ಸ್ಪಂದೂನ ಅಮ್ಮ ಎನ್ನುವಷ್ಟರಲ್ಲಿ ಎದ್ದು ಬಂದು ಕೈ ಹಿಡಿದರು, ಎಲ್ಲರೂ ತನ್ನನ್ನು ಅಪ್ಪಿ ಎನ್ನುವುದು, ನೀವೂ ಹಾಗೇ ಕರೆಯಿರಿ ಎಂದರು. ಮೂಲೆಯ ಮೇಜಿನಲ್ಲಿ ಕೂರಿಸಿ ಬನ್ಸು ತರಿಸಿದರು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ನಕ್ಷೆ ಬಿಡಿಸಿ, ನೋಡಿ, ನಿಮ್ಮ ಊರು ಈಗ ಮಲೆನಾಡಿನೊಳಗೇ ಬಂತು ಎಂದೆ.

ಅಪ್ಪಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಕೊನೆಗೆ ಕೇಳಿದರು, “ನಮ್ಮನ್ನು ಯಾಕೆ ಒಳಗೆ ಹಾಕಿದ್ದು ನೀವು? ನಾವೇನು ಅರ್ಜಿ ಕೊಟ್ಟಿದ್ದೆವಾ?”

ಅವರು ಬೇಸರದಿಂದ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನಮ್ಮೊಳಗೆ ಬರುವುದು ಯಾರಿಗಾದರೂ ಬೇಡವಾಗಿರಬಹುದು ಎಂದು ಐವತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಆಮೇಲೆ ಅವರೇ ನಗುತ್ತಾ, “ನಮ್ಮ ಯಜಮಾನರದ್ದೂ ಇದೇ ರಾಗ ಮಾರಾಯ್ರೆ. ಘಟ್ಟದವರ ಹುಡುಗಿ ಬೇಡ, ಅವರಿಗೆ ಮೀನಿನ ರುಚಿಯೇ ಗೊತ್ತಿಲ್ಲ ಅಂತ ನಾಲ್ಕು ತಿಂಗಳು ಕೂಗಾಡಿದ್ರು. ನಾನು ಹೇಳಿದೆ, ಅವಳು ಹುಟ್ಟಿದ್ದು ಡೊಂಬಿವಲಿಯಲ್ಲಿ. ಘಟ್ಟ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ ತಲೆ ಹೊರಗೆ ಹಾಕಿ ವಾಂತಿ ಮಾಡುವಾಗ ಮಾತ್ರ. ಅವಳನ್ನು ಯಾವ ಲೆಕ್ಕದಲ್ಲಿ ಘಟ್ಟದವಳು ಅಂತೀರಿ?” ಎಂದರು. ಅದನ್ನು ನೀನೇ ಅವರಿಗೆ ಹೇಳಿರಬೇಕು. ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಆಗ ನಿನ್ನ ತಲೆ ಹಿಡಿದದ್ದು ನಾನು, ಕತೆ ಕೇಳಿದ್ದು ಅವರು.

ಹೊರಡುವಾಗ ಅಪ್ಪಿ ಬಾಗಿಲವರೆಗೂ ಬಂದರು. ಸಹಿಗೆ ಮೂರು ಸಾಕ್ಷಿ ಬೇಕಂತೆ. ಒಂದು ಅವರದು, ಒಂದು ನಿನ್ನ ಅಪ್ಪಯ್ಯನದು. ಮೂರನೆಯದು ಯಾರದು ಎಂದು ಕೇಳಿದಾಗೆಲ್ಲ ನೀನು ಮಾತು ಬದಲಿಸುತ್ತೀಯಂತೆ. ಯತಿನ್ ತನ್ನ ಗೆಳೆಯನನ್ನು ಕರೆಯುತ್ತೇನೆಂದರೆ ಸ್ವಲ್ಪ ತಡಿ ಎನ್ನುತ್ತೀಯಂತೆ. ಥಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಜನ ಪಕ್ಕದಿಂದ ದಾಟಿ ಹೋಗುತ್ತಿದ್ದರು, ಯಾರೋ ಒಬ್ಬಳು ನೀರಿನ ಬಾಟಲಿ ಕೊಟ್ಟಳು.

ಮರುದಿನ ನಕ್ಷೆಯ ಗೆರೆಯನ್ನು ಪೂರ್ತಿ ಅಳಿಸಿ, ಹೊಳೆಗಳನ್ನೂ ಊರಿನ ಹೆಸರುಗಳನ್ನೂ ಮಾತ್ರ ಉಳಿಸಿ ಪ್ರೆಸ್ಸಿಗೆ ಕೊಟ್ಟೆ. ಸಭೆಯ ಒಪ್ಪಿಗೆ ಎಲ್ಲಿ ಎಂದು ಪುಂಡರೀಕಾಕ್ಷರು ಮೂರು ಪ್ರತಿಯಲ್ಲಿ ವಿವರಣೆ ಕೇಳಿದ್ದಾರೆ. ಕೊಡುತ್ತೇನೆ. ಹುದ್ದೆ ಬಿಡು ಎಂದರೆ ಬಿಡುತ್ತೇನೆ. ಮೇಲಿನವರಿಗೂ ಕೆಳಗಿನವರಿಗೂ ವ್ಯತ್ಯಾಸವೇ ಇಲ್ಲ ಎಂದು ನಾನೇನೂ ಹೇಳುವುದಿಲ್ಲ. ಇದೆ. ಅವರ ಸಾರಿಗೆ ಕಾಯಿ ಜಾಸ್ತಿ, ಮಾತಿಗೆ ಬಿಗುಮಾನ ಕಮ್ಮಿ. ಅದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸು ಎಂದರೆ ನನಗೆ ಗೊತ್ತಿಲ್ಲ, ಅಷ್ಟೇ. ಯತಿನ್‌ನನ್ನು ಒಳಗೆ ತರಲು ಗುಡ್ಡ ಸರಿಸುವ ಕೆಲಸ ನನ್ನದಾಗಿರಲಿಲ್ಲ. ಅವನಿಗೆ ಮನೆಯ ಬಾಗಿಲು ತೆಗೆದಿದ್ದರೆ ಸಾಕಿತ್ತು.

ಸ್ಪಂದೂ, ಆ ಮೂರನೇ ಸಹಿಯ ಜಾಗ ಇನ್ನೂ ಖಾಲಿ ಇದ್ದರೆ ನನಗೆ ಕೊಡು. ಆಧಾರ್ ಕಾರ್ಡು, ಫೋಟೋ ತೆಗೆದಿಟ್ಟಿದ್ದೇನೆ. ಬೇಡ ಎಂದರೂ ಅವತ್ತು ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ, ಜಗಳ ಮಾಡುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದನ್ನು ಇಟ್ಟುಕೊಂಡು ಸಹಿ ಕೇಳುವುದು ಸರಿಯಲ್ಲ. ತಾರೀಕು ಹೇಳಿದ್ದು ಅಪ್ಪಯ್ಯನಲ್ಲ, ಅವರು ನಿನ್ನ ಗುಟ್ಟು ಬಿಟ್ಟುಕೊಟ್ಟಿಲ್ಲ. ಮೂರನೇ ಮಹಡಿಯ ಸೋನಾಲಿ ಮದುವೆ ನೋಂದಣಿ ಕಚೇರಿಯ ಹಲಗೆಯಲ್ಲಿ ನಿನ್ನ ನೋಟಿಸು ನೋಡಿ ಬಂದು ಹೇಳಿದಳು. ಮೀಟಿಂಗಿಗೆ ಮೂರು ದಿನ ಮುಂಚೆ ನಾನು ಅಲ್ಲಿಗೆ ಹೋಗಿದ್ದೆ, ತಕರಾರು ಅರ್ಜಿ ಬರೆದುಕೊಂಡು. ಗುಮಾಸ್ತೆ ಓದಿ, “ಕಾಕು, ಹೇ ಕಾರಣ್ ಚಾಲತ್ ನಾಹೀ” ಎಂದಳು, ಈ ಕಾರಣ ನಡೆಯುವುದಿಲ್ಲ ಎಂದು. ನಡೆಯುವ ಕಾರಣ ಬೇಕಿದ್ದರೆ ನೋಟಿಸು ಓದಿ ನೋಡಿ, ತಪ್ಪು ಮಾಹಿತಿ ಇದ್ದರೆ ಬರೆದುಕೊಡಿ ಎಂದಳು. ತಪ್ಪು ಹುಡುಕಲೆಂದೇ ಓದಿದೆ. ಸಿಕ್ಕಿತು. ವಿಳಾಸ ಎಂಬಲ್ಲಿ ನಮ್ಮ ಮನೆಯ ನಂಬರು ಬರೆದಿದ್ದೀ. ಎಷ್ಟು ಕಾಲದಿಂದ ಅಲ್ಲಿ ವಾಸ ಎಂಬಲ್ಲಿ, ಬಿಟ್ಟುಹೋದ ನಾಲ್ಕು ತಿಂಗಳನ್ನು ಕಳೆಯದೆ, ‘ಹುಟ್ಟಿದಾಗಿನಿಂದ’ ಎಂದು ಬರೆದಿದ್ದೀ. ಎಲ್ಲ ಸರಿಯಾಗಿದೆ ಎಂದು ಹೇಳಿ ಅರ್ಜಿ ಹರಿದು ಬಂದೆ.