ಅವ್ವನ ಹತ್ತು ಬೆರಳುಗಳು, ನಿಮ್ಮ ಎರಡು ದಿನಗಳು

ತಂದೆತಾಯಿಯರನ್ನು ಕರೆಸಿಕೊಳ್ಳುವ ಅರ್ಜಿಗಳನ್ನು ತೀರ್ಮಾನಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಬೆರಳಚ್ಚು ಕೊಡಲಿಲ್ಲವೆಂದು ನೀವು ನಮ್ಮ ಅವ್ವನ ಕಡತವನ್ನು ಮುಚ್ಚಿದ್ದೀರಿ. ಅವಳು ಕೊಟ್ಟಿದ್ದಾಳೆ. ಸೆಪ್ಟೆಂಬರ್ ಮೂರರ ಬೆಳಿಗ್ಗೆ ನಮ್ಮ ರಾಜಧಾನಿ ಅಕ್ರಾದಲ್ಲಿರುವ ನಿಮ್ಮ ಯಂತ್ರ ಅವಳ ಹತ್ತೂ ಬೆರಳುಗಳನ್ನು ಒಪ್ಪಿಕೊಂಡಿದೆ. ಕಡತ ಮುಚ್ಚಿದ ಪತ್ರದ ಮೇಲಿರುವ ತಾರೀಖು ಸೆಪ್ಟೆಂಬರ್ ಒಂದು. ಆ ಎರಡು ದಿನಗಳ ಸಂದಿಯಲ್ಲಿ ನಮ್ಮ ಮನೆಯ ಒಂಬತ್ತು ವರ್ಷ ಬಿದ್ದುಹೋಗಿದೆ.

ಇದನ್ನು ನಾನು ಮೂರು ಸಲ ನಿಮ್ಮ ವಿಳಾಸಕ್ಕೇ ಬರೆದೆ. ಮೂರು ಸಲವೂ ಅರೆಗಳಿಗೆಯಲ್ಲಿ ಉತ್ತರ ಬಂತು: ನಿಮ್ಮ ಪತ್ರ ನಮಗೆ ಬಹಳ ಮುಖ್ಯ, ದಯವಿಟ್ಟು ಈ ವಿಳಾಸಕ್ಕೆ ಬರೆಯಬೇಡಿ. ಮುಖ್ಯವಾದ ಪತ್ರಗಳನ್ನು ಓದುವ ವಾಡಿಕೆ ನಿಮ್ಮಲ್ಲಿ ಇಲ್ಲವೆಂದು ಕಾಣುತ್ತದೆ. ಆದ್ದರಿಂದ ಎಲ್ಲರೂ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಆರನೇ ತರಗತಿಯವರೆಗೆ ಓದಿದವಳು. ದೊಡ್ಡವರ ಎದುರು ನಿಂತರೆ ಮಾತು ತಪ್ಪುತ್ತದೆ. ಕಾಗದದ ಎದುರು ಅಷ್ಟು ತಪ್ಪುವುದಿಲ್ಲ.

ನಮ್ಮ ಅವ್ವನ ಹೆಸರು ಯಾವಾ. ವಯಸ್ಸು ಅರವತ್ತಮೂರು. ವೋಲ್ಟಾ ನದಿಯಿಂದ ಪೂರ್ವಕ್ಕೆ, ನಮ್ಮ ಊರಿನ ಸಂತೆಗೆ ಬರುವವರಿಗೆಲ್ಲ ಅವಳ ಗಾರಿ ಗೊತ್ತು. ಮರಗೆಣಸನ್ನು ತುರಿದು, ಚೀಲಕ್ಕೆ ತುಂಬಿ, ಕಲ್ಲು ಹೇರಿ ನೀರು ಇಳಿಸಿ, ಜರಡಿ ಹಿಡಿದು, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಹುರಿದರೆ ಗಾರಿ. ಸೋರೆಬುರುಡೆಯ ಚೂರಿನಿಂದ ಅದನ್ನು ಕೆದಕುತ್ತಲೇ ಇರಬೇಕು. ಹದ ಬಂತೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಬಿಸಿ ಬಾಣಲೆಗೆ ಕೈ ಹಾಕಿ, ಬೆರಳ ತುದಿಯಲ್ಲಿ ತಿಕ್ಕಿ ನೋಡಬೇಕು. ಅವ್ವ ನಲವತ್ತೈದು ವರ್ಷ ಹಾಗೆ ತಿಕ್ಕಿ ನೋಡಿದ್ದಾಳೆ. ಅಕ್ಕ ಎಸಿನಾಮ್ ಓದಿದ್ದು ಆ ಬಾಣಲೆಯಿಂದ. ನಾನು ಶಾಲೆ ಬಿಟ್ಟು ಬಂದದ್ದೂ ಆ ಬಾಣಲೆಗೇ.

ಅಕ್ಕ ನಿಮ್ಮ ದೇಶಕ್ಕೆ ಬಂದು ಒಂಬತ್ತು ವರ್ಷವಾಯಿತು. ಅವಳು ಕದ್ದು ಬಂದವಳಲ್ಲ, ನೀವೇ ಕರೆದಿರಿ. ನಿಮ್ಮಲ್ಲಿ ಮುದುಕರು ಹೆಚ್ಚು, ಅವರಿಗೆ ಸ್ನಾನ ಮಾಡಿಸುವ ಕೈಗಳು ಕಡಿಮೆ. ಅಕ್ಕ ಒಂದು ವೃದ್ಧಾಶ್ರಮದಲ್ಲಿ ದಿನಕ್ಕೆ ಹನ್ನೊಂದು ಮುದುಕಿಯರಿಗೆ ಸ್ನಾನ ಮಾಡಿಸುತ್ತಾಳೆ. ನಿಮ್ಮ ತಾಯಿಯೂ ಅಲ್ಲಿ ಇರಬಹುದು, ನನಗೆ ತಿಳಿಯದು. ಇದ್ದರೆ, ಅವರ ಬೆನ್ನು ಉಜ್ಜುವ ಕೈಯನ್ನು ಹಸುಗೂಸಾಗಿದ್ದಾಗ ಎಣ್ಣೆ ಹಚ್ಚಿ ನೀವಿ ನೇರ ಮಾಡಿದವಳು ನಮ್ಮ ಅವ್ವ ಎಂಬುದು ನಿಮಗೆ ತಿಳಿದಿರಲಿ.

ನಮ್ಮ ಕಡೆ ಮಗಳು ಹೆತ್ತರೆ ಅವಳ ತಾಯಿ ಹೋಗಿ ಕೂಸಿಗೆ ಎರೆಯಬೇಕು. ದಿನಕ್ಕೆ ಎರಡು ಸಲ ಬಿಸಿನೀರು, ಕೈಕಾಲು ನೀವುವುದು, ತಲೆ ಒತ್ತಿ ದುಂಡಗೆ ಮಾಡುವುದು. ಬೆಳೆದು ದೊಡ್ಡವರಾದ ಮೇಲೂ ಯಾರದಾದರೂ ಬೆವರು ನಾರಿದರೆ, “ನಿಂಗೆ ಎರೆದೋಳು ಯಾರೇ? ಕೈಯಲ್ಲಿ ಬಲ ಇರ್ಲಿಲ್ವಾ?” ಎಂದು ಆಡಿಕೊಳ್ಳುತ್ತಾರೆ. ನಮ್ಮ ಬೀದಿಯ ಅರ್ಧ ಮಕ್ಕಳಿಗೆ ಎರೆದವಳು ಅವ್ವ. ಸ್ವಂತ ಮೊಮ್ಮಗ ಸೆಲಾಸಿಗೆ ಎರೆಯಲು ಮಾತ್ರ ಅವಳಿಗೆ ಆಗಲಿಲ್ಲ.

ಅವನು ಹುಟ್ಟುವ ಮುಂಚೆ, ಐದು ವರ್ಷದ ಹಿಂದೆ, ಮೂರು ತಿಂಗಳು ಇದ್ದು ಬರಲು ಭೇಟಿಯ ವೀಸಾ ಕೇಳಿದ್ದೆವು. ನೀವು ಕೊಡಲಿಲ್ಲ. ಊರಿಗೆ ಮರಳುವಂತೆ ಮಾಡುವ ಬಲವಾದ ಬಂಧ ಅರ್ಜಿದಾರರಿಗೆ ಇಲ್ಲವೆಂದು ಬರೆದಿದ್ದಿರಿ. ಆ ಸಾಲನ್ನು ಅವ್ವನಿಗೆ ಓದಿ ಹೇಳಿದವಳು ನಾನು, ಅವಳ ಪಕ್ಕದಲ್ಲೇ ಕುಳಿತು. ಅವ್ವ ನನ್ನ ಮುಖ ನೋಡಿ, “ಇವ್ರಿಗೆ ನೀನಿರೋದು ಯಾರೂ ಹೇಳಿಲ್ವೇನೇ ಎಲಿ?” ಎಂದಳು. ಹೇಳಿದ್ದೆವು ಮಾನ್ಯರೇ. ಅರ್ಜಿಯ ನಾಲ್ಕನೇ ಪುಟದಲ್ಲಿ ಎಲಿಕೆಮ್ ಎಂದು ನನ್ನ ಹೆಸರಿತ್ತು.

ಸೆಲಾಸಿ ಹುಟ್ಟಿದ. ಅವ್ವ ಫೋನಿನಲ್ಲೇ ಬಾಣಂತನ ಮಾಡಿದಳು. ಅಲ್ಲಿ ಅಕ್ಕ ಸ್ನಾನದ ತೊಟ್ಟಿಯ ಪಕ್ಕ ಮಂಡಿಯೂರಿದ್ದಳು, ಇಲ್ಲಿ ಅವ್ವ ಬಾಣಲೆಯ ಪಕ್ಕ ಕುಳಿತು ಕೂಗುತ್ತಿದ್ದಳು.

“ಕತ್ತು ಹಿಡ್ಕೊಳ್ಳೇ, ಕತ್ತು! ಅದೇನು ಕೋಳಿ ಹಿಡ್ದಂಗೆ ಹಿಡೀತೀಯ?”

“ಹಿಡಿದಿದೀನಿ ಅವ್ವ. ಜಾರ್ತಾನೆ.”

“ಜಾರೋದು ಅವನಲ್ಲ, ನಿನ್ನ ಧೈರ್ಯ. ದಿನಾ ಹನ್ನೊಂದು ಮುದುಕೀರಿಗೆ ಎರೀತೀನಿ ಅಂತೀಯ, ಒಂದು ಕೂಸಿಗೆ ಹೆದರ್ತೀಯಲ್ಲ!”

“ಮುದುಕೀರು ಬೈತಾರೆ ಅವ್ವ, ಅಳಲ್ಲ.”

ಅಷ್ಟರಲ್ಲಿ ಫೋನು ನಿಂತುಹೋಗುತ್ತಿತ್ತು. ಅವ್ವನ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲೇ ನೀವುತ್ತಿತ್ತು.

ಆಮೇಲೆ ಅಕ್ಕ ಇನ್ನೆರಡು ದಾರಿ ಹೇಳಿದಳು. ಒಂದು, ವರ್ಷಗಟ್ಟಲೆ ಇರಲು ಬಿಡುವ ದೊಡ್ಡ ಭೇಟಿ. ಅದಕ್ಕೆ ಅವಳ ಸಂಬಳ ಸಾಲದು ಎಂದಿರಿ. ಮುದುಕಿಯರಿಗೆ ಎರೆಯುವ ಕೆಲಸಕ್ಕೆ ಸಂಬಳ ನಿಗದಿ ಮಾಡಿದವರು ನಾವಲ್ಲ. ಇನ್ನೊಂದು, ಶಾಶ್ವತವಾಗಿ ಕರೆಸಿಕೊಳ್ಳುವುದು. ಅದಕ್ಕೆ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತೀರಿ. ತಾಯಿ ಯಾರ ಮನೆಯಲ್ಲಿ ಇರಬೇಕೆಂಬುದನ್ನು ಚೀಟಿಯಲ್ಲಿ ತೀರ್ಮಾನಿಸುವ ದೇಶದ ಜಾಣತನವನ್ನು ನಾನು ಹೇಗೆ ಹೊಗಳಲಿ? ಮೂರು ವರ್ಷ ಅಕ್ಕನ ಹೆಸರು ಬರಲಿಲ್ಲ. ನಾಲ್ಕನೇ ವರ್ಷ, ಅಂದರೆ ಈ ವರ್ಷ, ಅವಳು ಎರಡನೇ ಸಲ ಬಸುರಾದಾಗ ಬಂತು. ಹೆರಿಗೆ ಡಿಸೆಂಬರ್‌ನಲ್ಲಿ. ಕಾಗದಗಳೆಲ್ಲ ಒಪ್ಪಿಗೆಯಾದವು. ಮೂವತ್ತು ದಿನದೊಳಗೆ ಬೆರಳಚ್ಚು ಕೊಡುವುದೊಂದು ಬಾಕಿ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡವರ ಬಾಗಿಲಿಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಇಲ್ಲ. ಐದು ವರ್ಷ ಕಾಯಿಸಿದವರಾದರೂ ಕೊನೆಗೆ ಕರೆದಿದ್ದಾರಲ್ಲ ಎಂದು ಅವ್ವ ನಿಮಗಾಗಿ ಗಾರಿ ಹುರಿಯಲು ಕುಳಿತಳು. ಸಂತೆಗೆ ಹುರಿಯುವಂಥದ್ದಲ್ಲ. ಸಣ್ಣ ಜರಡಿಯಲ್ಲಿ ಮೂರು ಸಲ ಹಿಡಿದು, ಎಳೆ ಉರಿಯಲ್ಲಿ ಹುರಿದು, ಹಲ್ಲಿಗೆ ಗರಿಗರಿ ಎನ್ನುವಂಥದ್ದು. ಎರಡು ದಿನ ಬಾಣಲೆ ಬಿಟ್ಟು ಏಳಲಿಲ್ಲ. ಸೌದೆ ಒಟ್ಟಿದವಳು ನಾನು. ಅವಳ ಬೆರಳುಗಳಲ್ಲಿ ಉಳಿದಿದ್ದ ಒಂದಿಷ್ಟು ಗೆರೆಯೂ ನಿಮ್ಮ ಗೌರವಕ್ಕಾಗಿ ಸವೆಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಊರಿನ ಕೋಬ್ಲಾನ ಬಾಡಿಗೆ ವ್ಯಾನಿನಲ್ಲಿ ಅಕ್ರಾಕ್ಕೆ ಹೋದೆವು. ಅವ್ವ ದಾರಿಯುದ್ದಕ್ಕೂ ಗಾರಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. “ಅಮ್ಮ, ಆ ಚೀಲಾನೂ ಒಬ್ಬ ಪ್ರಯಾಣಿಕನೇ, ಟಿಕೆಟ್ ತಗೋಬೇಕು” ಎಂದು ಕೋಬ್ಲಾ ಕೀಟಲೆ ಮಾಡಿದ. “ನಿನ್ನ ವ್ಯಾನು ಈ ಚೀಲದಷ್ಟು ಗಟ್ಟಿಯಾಗಿದ್ರೆ ತಗೋತಿದ್ದೆ ಕಣೋ” ಎಂದಳು ಅವ್ವ. ಆ ದಿನ ಅವಳು ಅಷ್ಟು ಗೆಲುವಾಗಿದ್ದಳು.

ಬಾಗಿಲಲ್ಲೇ ಕಾವಲುಗಾರ ತಡೆದ. “ಒಳಗೆ ತಿಂಡಿ ತರಂಗಿಲ್ಲ ತಾಯಿ.”

“ತಿಂಡಿ ಅಲ್ಲಪ್ಪ. ಒಳಗಿರೋ ದೊಡ್ಡೋರಿಗೆ.”

“ದೊಡ್ಡೋರು ಯಾರೂ ಇಲ್ಲಿಲ್ಲ. ಇಲ್ಲಿರೋದು ಬರೀ ಯಂತ್ರ.”

ಆ ಕಾವಲುಗಾರನಷ್ಟು ನಿಜವನ್ನು ನಿಮ್ಮ ಕಚೇರಿಯಲ್ಲಿ ಬೇರೆ ಯಾರೂ ನಮಗೆ ಹೇಳಿಲ್ಲ.

ಗಾಜಿನ ಮೇಲೆ ಅವ್ವ ಬೆರಳಿಟ್ಟಳು. ಕೆಂಪು ದೀಪ ಹತ್ತಿತು. ಯಂತ್ರದ ಮುಂದಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಒಣಗಿಸಿದಳು, ಮತ್ತೆ ಇಡಿಸಿದಳು. ಕೆಂಪು. “ಗಟ್ಟಿಯಾಗಿ ಒತ್ತಿ ಅಮ್ಮ.” “ಇನ್ನೂ ಗಟ್ಟಿ ಒತ್ತಿದ್ರೆ ನಿನ್ನ ಗಾಜು ಒಡೀತದೆ ಮಗಾ.” ಹನ್ನೆರಡು ಸಲ ಹೀಗಾಯಿತು. ಹುಡುಗಿ ಒಳ್ಳೆಯವಳು. ಅವ್ವನ ಬೆರಳನ್ನು ತನ್ನ ಬೆರಳಿನಿಂದ ಸವರಿ ನೋಡಿ ಮೆಲ್ಲಗೆ ಹೇಳಿದಳು: “ಇಲ್ಲಿ ಏನೂ ಇಲ್ಲಮ್ಮ. ನುಣ್ಣಗಿದೆ.”

ಅವ್ವ ತನ್ನ ಕೈ ತಿರುಗಿಸಿ ನೋಡಿಕೊಂಡಳು. “ಇಲ್ಲ ಅಂದ್ರೆ? ನಾನು ಇದೀನಲ್ಲ.”

ನಿಮ್ಮ ಕಡತದಲ್ಲಿ ಈ ಮಾತು ದಾಖಲಾಗಿಲ್ಲ. ದಾಖಲಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಬಿಸಿ, ಸೋಪು, ನೀರು ಮುಟ್ಟದೆ ಕೆಲವು ತಿಂಗಳು ಇದ್ದರೆ ಗೆರೆ ಮರಳಿ ಬರಬಹುದೆಂದು ಆಸ್ಪತ್ರೆಯಲ್ಲಿ ಹೇಳಿದರು. ಅಕ್ಕ ನಿಮ್ಮನ್ನು ಬೇಡಿಕೊಂಡಳು. ನೀವು ಆಗಸ್ಟ್ ಮುಗಿಯುವವರೆಗೆ ಗಡುವು ಕೊಟ್ಟಿರಿ. ಅಷ್ಟಕ್ಕೆ ಈಗಲೂ ಕೃತಜ್ಞಳು.

ಅವತ್ತಿನಿಂದ ಅವ್ವನ ಕೈಗೆ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚಿ, ಬಟ್ಟೆ ಸುತ್ತಿ ಕೂರಿಸಿದೆ. ಸುಲಿಯುವಂತಿಲ್ಲ, ಒಗೆಯುವಂತಿಲ್ಲ, ಒಲೆಯ ಬಳಿ ಹೋಗುವಂತಿಲ್ಲ. ಎದುರು ಮನೆಯವಳು, “ಏನಮ್ಮ ಯಾವಾ, ರಾಣಿಯಾಗ್ಬಿಟ್ಯಲ್ಲ!” ಎಂದರೆ, “ಹೂಂ ಕಣೇ, ಮೂಗು ಒರೆಸೋಕೂ ಆಳು ಇದಾಳೆ” ಎಂದು ನನ್ನ ಕಡೆ ತೋರಿಸುತ್ತಿದ್ದಳು. ಮೊದಲ ತಿಂಗಳು ಹೀಗೆ ನಗೆಯಲ್ಲಿ ಕಳೆಯಿತು. ಆಮೇಲೆ ಅವಳು ಬಾಣಲೆಯ ಕಡೆಗೇ ನೋಡುತ್ತಾ ಕೂರತೊಡಗಿದಳು. ಒಂದು ಬೆಳಿಗ್ಗೆ ನಾನು ನೀರು ತಂದು ನೋಡಿದರೆ, ಸುತ್ತಿದ ಬಟ್ಟೆ ಬಿಚ್ಚಿ ಬಾಣಲೆಗೆ ಕೈ ಹಾಕುತ್ತಿದ್ದಳು. ನಾನು ಹುರಿದದ್ದರ ಹದ ನೋಡಲು ಅಷ್ಟೇ. ನಾನು ಓಡಿಹೋಗಿ ಅವಳ ಕೈಗೆ ಹೊಡೆದೆ. “ತೆಗಿ ಕೈ! ಎಷ್ಟು ಸಲ ಹೇಳ್ಲಿ?” ಎಂದೆ. ಅವ್ವ ಕೈಯನ್ನು ಮುಟ್ಟಿದರೆ ಮುನಿಯಂತೆ ಮುದುರಿ ಮಡಿಲಲ್ಲಿ ಇಟ್ಟುಕೊಂಡಳು. ಹೆತ್ತವಳ ಕೈಗೆ ಹೊಡೆದವಳು ನಾನು. ಅದಕ್ಕೆ ನೀವು ಕಾರಣ ಎನ್ನುವುದಿಲ್ಲ. ಆದರೆ ನೀವು ಅಲ್ಲಿ ಇರಲಿಲ್ಲ ಎಂದೂ ನನಗೆ ಅನ್ನಿಸುವುದಿಲ್ಲ.

ಜುಲೈ ಕೊನೆಗೆ ಗೆರೆಗಳು ಬಂದವು. ಅವ್ವ ಬೆರಳನ್ನು ಬಿಸಿಲಿಗೆ ಹಿಡಿದು, “ನೋಡೇ ಎಲಿ, ಗೆಣಸಿನ ಹೊಲದ ಏರಿ ಇದ್ದಂಗೆ ಇದೆ” ಎಂದಳು. ಅದೇ ದಿನ ನಿಮ್ಮ ಕೇಂದ್ರಕ್ಕೆ ಫೋನು ಮಾಡಿಸಿ ದಿನ ಕೇಳಿದೆವು. ಅವರು ಕೊಟ್ಟ ಮೊದಲ ದಿನ ಸೆಪ್ಟೆಂಬರ್ ಮೂರು. ಅದಕ್ಕಿಂತ ಮುಂಚೆ ಜಾಗವಿಲ್ಲ ಎಂದರು. ಗಡುವಿನ ಮಾತು ಹೇಳಿದೆವು. ನಿಮ್ಮ ಹೆಸರು ಪಟ್ಟಿಯಲ್ಲಿದೆ, ಹೆದರಬೇಡಿ ಎಂದರು. ಗಡುವು ನಿಮ್ಮದು, ಪಟ್ಟಿ ನಿಮ್ಮದು, ಯಂತ್ರವೂ ನಿಮ್ಮದು. ಇವು ಮೂರೂ ಒಂದರೊಡನೊಂದು ಮಾತನಾಡುವುದಿಲ್ಲ ಎಂಬುದನ್ನು ಅರವತ್ತಮೂರರ ಮುದುಕಿ ಹೇಗೆ ಊಹಿಸಬೇಕಿತ್ತು?

ಮೂರರಂದು ಹತ್ತೂ ಬೆರಳಿಗೆ ಹಸಿರು ದೀಪ ಹತ್ತಿತು. ಅದೇ ಹುಡುಗಿ ಎದ್ದು ಬಂದು ಅವ್ವನನ್ನು ತಬ್ಬಿಕೊಂಡಳು. ಮನೆಗೆ ಬಂದಾಗ ಅಕ್ಕನ ಫೋನು ಬಂತು. ಅವಳು ಅಳುತ್ತಿದ್ದಳು. ನಿಮ್ಮ ಪತ್ರ ಅವಳಿಗೆ ತಲುಪಿತ್ತು.

ಅವ್ವ ಒಂದು ವಾರ ಬಾಣಲೆಯ ಕಡೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನ್ನನ್ನು ಸರಿಸಿ ಬಾಣಲೆಯ ಮುಂದೆ ಕುಳಿತಳು. ನಾನು ಬೇಡ ಎನ್ನಲಿಲ್ಲ. ಯಾವ ಬಾಯಿಂದ ಎನ್ನಲಿ? ಗಾರಿಗೆ ಕೈ ಹಾಕಿದವಳು ಥಟ್ಟನೆ ಹಿಂದೆ ಎಳೆದುಕೊಂಡಳು. ನನಗೆ ನೆನಪಿರುವ ಕಾಲದಿಂದ ಅವ್ವ ಹಾಗೆ ಕೈ ಎಳೆದುಕೊಂಡದ್ದನ್ನು ನಾನು ಕಂಡಿಲ್ಲ. ಸಂಜೆಗೆ ಎಂಟು ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಅವಳು ಅವನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು.

“ಇದು ಯಾರ ಕೈಯೇ ಎಲಿ?” ಎಂದಳು.

ನಿಮ್ಮ ಗಾಜಿಗಾಗಿ ಮೆತ್ತಗೆ ಮಾಡಿದ ಕೈ ನಮ್ಮ ಬಾಣಲೆಗೆ ಒಗ್ಗುತ್ತಿಲ್ಲ. ಬಾಣಲೆಗೆ ಒಗ್ಗಿದ ದಿನ ನಿಮ್ಮ ಗಾಜಿಗೆ ಒಗ್ಗುವುದಿಲ್ಲ. ಬೊಬ್ಬೆ ಒಡೆದು ಚರ್ಮ ಸುಲಿದಿದೆ, ಗೆರೆಗಳು ಹೋಗುತ್ತಿವೆ. ಮತ್ತೆ ಅರ್ಜಿ ಹಾಕಿ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಯಾವ ಬೆರಳಿಟ್ಟು ಹಾಕಲಿ? ಇನ್ನೊಂದು ಚೀಟಿಗೆ ಇನ್ನೆಷ್ಟು ವರ್ಷ? ಡಿಸೆಂಬರ್‌ನಲ್ಲಿ ಹುಟ್ಟುವ ಕೂಸಿಗೆ ನಿಮ್ಮ ಚೀಟಿ ಬರುವ ತನಕ ಹುಟ್ಟಬೇಡ ಎನ್ನಲೇ?

ನನ್ನ ಬೇಡಿಕೆ ಚಿಕ್ಕದು. ಅವ್ವನ ಬೆರಳಚ್ಚು ನಿಮ್ಮ ಯಂತ್ರದಲ್ಲಿ ಇದೆ, ಹತ್ತೂ ಇದೆ. ಲೋಕದಲ್ಲಿ ಅದು ಈಗ ಅಲ್ಲಿ ಮಾತ್ರ ಇದೆ, ಅವ್ವನ ಕೈಯಲ್ಲೂ ಇಲ್ಲ. ಅದನ್ನು ತೆಗೆದು ಅವಳ ಕಡತದೊಳಗೆ ಇಡಿ. ಕಡತವನ್ನು ತೆರೆಯಿರಿ. ಎರಡು ದಿನವನ್ನು ನಿಮ್ಮ ಲೆಕ್ಕದಿಂದ ಮನ್ನಿಸಿ. ಡಿಸೆಂಬರ್‌ಗೆ ಮೊದಲು ಅವಳನ್ನು ಅಕ್ಕನ ಮನೆಗೆ ಹೋಗಲು ಬಿಡಿ. ಹೋದ ಮೇಲೆ ಈ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ಅವ್ವನನ್ನು ನನ್ನಿಂದ ತೆಗೆದುಕೊಂಡು ಹೋಗಿ ಎಂದು ನಾನೇ ನಿಮ್ಮನ್ನು ಬೇಡುತ್ತಿದ್ದೇನೆ. ಇದಕ್ಕಿಂತ ಬಲವಾದ ಬಂಧ ಯಾವುದೆಂದು ನಿಮ್ಮ ನಾಲ್ಕನೇ ಪುಟದಲ್ಲಿ ಹುಡುಕಿ ನೋಡಿ.

ಅವ್ವ ಈ ಸಲವೂ ಬರಿಗೈಯಲ್ಲಿ ಬರಲು ಒಪ್ಪುವುದಿಲ್ಲ. ಒಂದು ಚೀಲ ಗಾರಿ ತರುತ್ತಾಳೆ. ಹೆದರಬೇಡಿ, ಅದನ್ನು ನಾನು ಹುರಿಯುತ್ತೇನೆ. ಅವಳನ್ನು ಬಾಣಲೆ ಮುಟ್ಟಲು ಬಿಡುವುದಿಲ್ಲ.

ಇಂತಿ,
ಬಾಣಲೆಯ ಎದುರಿನಿಂದ,
ಎಲಿಕೆಮ್
(ಯಾವಾಳ ಕಿರಿಯ ಮಗಳು. ಮೊನ್ನೆ ಬಿಸಿಲಿಗೆ ಹಿಡಿದು ನೋಡಿಕೊಂಡೆ, ನನ್ನಲ್ಲಿ ಆರು ಬೆರಳಿನ ಗೆರೆ ಇನ್ನೂ ಉಳಿದಿದೆ.)