ನನ್ನ ಮಗಳ ಬುತ್ತಿಗೆ ಬಣ್ಣವಿಲ್ಲ ಎಂದವರಿಗೆ

ಮಾನ್ಯ ಶಾಲಾ ಪೌಷ್ಟಿಕ ಆಹಾರ ಅಧಿಕಾರಿಗಳೇ,

ತಮ್ಮ ‘ಪಂಚವರ್ಣ ಬುತ್ತಿ’ ಯೋಜನೆ ಜಾರಿಗೆ ಬಂದ ಮೇಲೆ ನನ್ನ ಮಗಳು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡುವುದನ್ನೇ ಬಿಟ್ಟಿದ್ದಾಳೆ. ಮಕ್ಕಳು ಚೆನ್ನಾಗಿ ಉಣ್ಣಲಿ ಎಂದು ತಂದ ಯೋಜನೆಯಿಂದ ಮಗುವೊಂದು ಉಪವಾಸ ಕಲಿಯುವುದು ಸಣ್ಣ ಸಾಧನೆಯೇನಲ್ಲ. ತಮ್ಮನ್ನು ಅಭಿನಂದಿಸಬೇಕೋ ತಮ್ಮೊಡನೆ ಜಗಳಕ್ಕೆ ನಿಲ್ಲಬೇಕೋ ತಿಳಿಯದೆ, ಎರಡನ್ನೂ ಒಂದೇ ಪತ್ರದಲ್ಲಿ ಮುಗಿಸೋಣ ಎಂದು ಕೂತಿದ್ದೇನೆ. ಮೊದಲು ತಮ್ಮ ಕಚೇರಿಗೇ ಬಂದಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ನಾನು ಮಾತಾಡಬೇಕಾದದ್ದೂ ಊಟದ ವಿಷಯವೇ ಎಂದೆ. ನಾಳೆ ಬನ್ನಿ ಎಂದರು. ಮರುದಿನವೂ ತಾವು ಊಟಕ್ಕೆ ಹೋಗಿದ್ದಿರಿ. ಹೀಗಾಗಿ, ತಾವು ಊಟವಾದ ಮೇಲೆ ಓದುವ ಪತ್ರಿಕೆಯಲ್ಲೇ ತಮ್ಮನ್ನು ಹಿಡಿಯುವುದು ವಾಸಿ ಅನ್ನಿಸಿತು.

ತಮಗೆ ನನ್ನ ಪರಿಚಯವಿಲ್ಲ, ಆದರೆ ನನ್ನ ಕೈಕೆಲಸವನ್ನು ತಾವು ನೋಡಿದ್ದೀರಿ. ನಾನು ಅಂಗಡಿಗಳ ಬೋರ್ಡು, ಗೋಡೆಯ ಮೇಲಿನ ಜಾಹೀರಾತು ಬರೆಯುವವನು. ತಮ್ಮ ಯೋಜನೆಯ ಚಿತ್ರವನ್ನು ಶಾಲೆಯ ಮುಂಗೋಡೆಯ ಮೇಲೆ ಬರೆದವನೂ ನಾನೇ. ತಮ್ಮ ಇಲಾಖೆಯಿಂದ ಬಂದ ಮಾದರಿಯಲ್ಲಿ ಐದು ಬಣ್ಣಕ್ಕೆ ಐದು ಪದಾರ್ಥಗಳಿದ್ದವು: ಕೆಂಪಿಗೆ ಸೇಬು, ಹಳದಿಗೆ ಅನಾನಸು, ನೇರಳೆಗೆ ದ್ರಾಕ್ಷಿ, ಬಿಳಿಗೆ ಅಣಬೆ, ಹಸಿರಿಗೆ ಬ್ರೊಕೊಲಿ. ಈ ಕೊನೆಯದನ್ನು ನಾನು ಕಣ್ಣಾರೆ ಕಂಡವನಲ್ಲ. ಮಾದರಿಯಲ್ಲಿ ಮರದ ಹಾಗೆ ಕಂಡಿತು, ಮರವನ್ನೇ ಬರೆದೆ. ಕೊಂಬೆಯ ಮೇಲೆ ಒಂದು ಹಕ್ಕಿಯನ್ನೂ ಕೂರಿಸಿದೆ. ಉದ್ಘಾಟನೆಯ ದಿನ ತಾವು ಟೇಪು ಕತ್ತರಿಸಿ, ಗೋಡೆಯನ್ನು ತುಂಬಾ ಹೊತ್ತು ನೋಡಿ, “ಚೆನ್ನಾಗಿದೆ” ಎಂದಿರಿ. ಹಕ್ಕಿ ಈಗಲೂ ಅಲ್ಲೇ ಇದೆ.

ಇನ್ನು ನಮ್ಮ ಮನೆಯ ಅಡುಗೆಗೆ ಬರೋಣ. ನನ್ನ ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾಳೆ. ಸಂಜೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗುತ್ತಾಳೆ. ಬೆಳಿಗ್ಗೆ ಮಾತೇ ಆಡಿಸದ ತರಕಾರಿಯವರು ಆ ಹೊತ್ತಿಗೆ ತಾವಾಗಿ ಕರೆಯುತ್ತಾರೆ. ಸೊಟ್ಟ ಕ್ಯಾರೆಟ್ಟು, ಯಾರೂ ಕೇಳದ ಕುಂಬಳದ ಹೋಳು, ಮೂಲಂಗಿಯ ಜೊತೆ ಪುಕ್ಕಟೆ ಬರುವ ಅದರ ಸೊಪ್ಪು, ಒಂದು ಹಿಡಿ ಬೀನ್ಸು. ಮನೆಯಲ್ಲಿ ಬೇಳೆಯಿದೆ, ನೆನೆಸಿ ಮೊಳಕೆ ಬರಿಸಿದ ಕಾಳಿದೆ. ಗ್ಯಾಸು ಉಳಿಯಲಿ ಎಂದು ಎಲ್ಲವನ್ನೂ ಅಕ್ಕಿಯ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾಳೆ. ವಾರದಲ್ಲಿ ಒಂದೆರಡು ದಿನ ಮೇಲೊಂದು ಮೊಟ್ಟೆ. ನಾನು ಏಣಿಯ ಮೇಲೆ ನಿಂತು ದಿನವಿಡೀ ಕೈ ಎತ್ತಿ ದುಡಿಯುವುದು ಈ ಪಾತ್ರೆಯ ಬಲದಿಂದಲೇ. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ, ಹೆಂಡತಿ ಪತ್ರಿಕೆ ಓದುತ್ತಾಳೆ ಎಂಬ ಭಯವೂ ಇದೆ.

ಈ ಅಡುಗೆಯ ದೋಷ ಒಂದೇ. ಪಾತ್ರೆಯೊಳಗೆ ಹೋಗುವಾಗ ಕೆಂಪು, ಹಳದಿ, ಹಸಿರು ಎಲ್ಲವೂ ಇರುತ್ತವೆ. ಹೊರಗೆ ಬರುವಾಗ ಎಲ್ಲ ಸೇರಿ ಕಂದು ಬಣ್ಣವಾಗಿರುತ್ತವೆ. ನನಗಿದು ಹೊಸದಲ್ಲ. ನನ್ನ ಬಣ್ಣದ ಡಬ್ಬಗಳನ್ನೆಲ್ಲ ಒಂದಕ್ಕೆ ಸುರಿದು ಕಲೆಸಿದರೂ ಕಾಮನಬಿಲ್ಲು ಬರುವುದಿಲ್ಲ, ಕಂದೇ ಬರುತ್ತದೆ. ಆದರೆ ತಮ್ಮ ಯೋಜನೆಯಲ್ಲಿ ಕಂದು ಎನ್ನುವುದು ಬಣ್ಣವೇ ಅಲ್ಲವಲ್ಲ.

ತಪಾಸಣೆಯ ಕ್ರಮ ತಮಗೆ ಗೊತ್ತೇ ಇದೆ, ಓದುಗರಿಗಾಗಿ ಹೇಳುತ್ತೇನೆ. ಊಟದ ಗಂಟೆ ಹೊಡೆದ ಕೂಡಲೇ ಮಕ್ಕಳು ಬುತ್ತಿಯ ಮುಚ್ಚಳ ತೆಗೆದು ಕೈಕಟ್ಟಿ ಕೂರಬೇಕು. ಶಿಕ್ಷಕಿ ಒಂದೊಂದೇ ಡಬ್ಬಿಯನ್ನು ಬಗ್ಗಿ ನೋಡುತ್ತಾರೆ. ಗೋಡೆಯ ಮೇಲಿನ ಐದರಲ್ಲಿ ಒಂದಾದರೂ ಕಂಡರೆ ಮಗುವಿನ ಅಂಗಿಗೆ ಹೊಳೆಯುವ ನಕ್ಷತ್ರ. ಕಾಣದಿದ್ದರೆ “ಬಣ್ಣ ಇಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮುಂದಿನ ಡಬ್ಬಿಗೆ ಹೋಗುತ್ತಾರೆ. ನನ್ನ ಮಗಳಿಗೆ ಮೊದಲ ದಿನವೇ ಈ ಬಿರುದು ಸಿಕ್ಕಿತು. ಮರುದಿನ ಹೆಂಡತಿ ಅನ್ನದ ಮೇಲೆ ಹಸಿ ಕ್ಯಾರೆಟ್ಟನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಜೋಡಿಸಿದಳು. ಕ್ಯಾರೆಟ್ಟು ಗೋಡೆಯ ಮೇಲಿಲ್ಲ ಎಂದು ಅದೂ ತಿರಸ್ಕೃತವಾಯಿತು. ಅದೇ ದಿನ ಪಕ್ಕದ ಹುಡುಗ ಅನಾನಸಿನ ಆಕಾರದ ಜೆಲ್ಲಿ ಮಿಠಾಯಿ ತಂದಿದ್ದನಂತೆ, ಅವನಿಗೆ ನಕ್ಷತ್ರ ಬಂತು. ಹಲ್ಲಿನ ಡಾಕ್ಟರುಗಳ ಸಂಘದವರು ತಮ್ಮನ್ನು ಇನ್ನೂ ಸನ್ಮಾನಿಸಿಲ್ಲವೇ?

ಅಲ್ಲಿಂದ ನಮ್ಮ ಮನೆಗೆ ಸೇಬು ಬಂತು. ಒಂದೇ ಸೇಬು. ಅರ್ಧದ ದುಡ್ಡು ನಮ್ಮದು, ಅರ್ಧ ಮೇಲಿನ ಮಹಡಿಯ ಅಕ್ಕನದು. ಅಕ್ಕ ಹೊಲಿಗೆಯವಳು, ಅವಳ ಮಗ ಅದೇ ಶಾಲೆಯಲ್ಲಿ ಎರಡು ತರಗತಿ ಮುಂದಿದ್ದಾನೆ. ಚಿಕ್ಕ ಮಕ್ಕಳ ಊಟದ ಗಂಟೆ ಮೊದಲು, ದೊಡ್ಡವರದು ಆಮೇಲೆ. ನನ್ನ ಮಗಳು ತಪಾಸಣೆ ಮುಗಿಸಿ ನಲ್ಲಿಯ ಹತ್ತಿರ ಸೇಬನ್ನು ಅವನ ಕೈಗೆ ದಾಟಿಸಬೇಕು, ಅವನು ತನ್ನ ತಪಾಸಣೆ ಮುಗಿಸಿ ಸಂಜೆ ಮನೆಗೆ ತರಬೇಕು. ಹೆಂಡತಿ ಮಗಳಿಗೆ ಬೆರಳು ತೋರಿಸಿ ಹೇಳಿದಳು: “ನೋಡು, ಇದು ತಿನ್ನೋಕಲ್ಲ, ತೋರ್ಸೋಕೆ.” ರಾತ್ರಿ ಅದಕ್ಕೆ ಒದ್ದೆ ಬಟ್ಟೆಯ ಹಾಸಿಗೆ. ಸೇಬಿನ ಮುಖ ಸುಕ್ಕಾಗತೊಡಗಿದಾಗ ನಾನು ಒಂದು ಹನಿ ಅಡುಗೆ ಎಣ್ಣೆ ಸವರಿ ಹೊಳಪು ಕೊಟ್ಟೆ. ವಾರ್ನಿಷ್ ಹಚ್ಚೋಣ ಎಂದಿದ್ದೆ, ಹೆಂಡತಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಯಾವ ನೆಂಟರಿಗೂ ಇಷ್ಟು ಉಪಚಾರ ನಡೆದಿಲ್ಲ. ಒಂದೇ ಹಣ್ಣು ಎರಡು ಮಕ್ಕಳಿಗೆ ದಿನಾ ನಕ್ಷತ್ರ ತಂದುಕೊಟ್ಟಿತು. ತಮ್ಮ ವರದಿಯಲ್ಲಿ ಅವರಿಬ್ಬರೂ ದಿನಕ್ಕೊಂದು ಸೇಬು ತಿನ್ನುವ ಮಕ್ಕಳಾಗಿ ಬೆಳೆಯುತ್ತಿದ್ದರು.

ಅಷ್ಟರಲ್ಲಿ ಶಿಕ್ಷಕಿ ನನ್ನನ್ನು ಕರೆಸಿದರು. “ನಿಮ್ಮ ಮಗಳು ಮಧ್ಯಾಹ್ನ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿಬಿಡ್ತಾಳೆ. ಮನೇಲಿ ಸ್ವಲ್ಪ ಪೌಷ್ಟಿಕವಾಗಿರೋದು ಕೊಡಿ” ಎಂದರು. ಬುತ್ತಿ ದಿನಾ ಖಾಲಿಯಾಗಿ ಬರುತ್ತದಲ್ಲ ಎಂದು ತಲೆ ಕೆರೆದುಕೊಂಡು ಮನೆಗೆ ಬಂದರೆ ಮೇಲಿನ ಮಹಡಿಯ ಹುಡುಗ ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದ. “ಅಂಕಲ್, ಇವತ್ತು ಇವಳು ನಮ್ ಸೇಬು ತಿಂದ್ಬಿಟ್ಲು. ನಂಗೆ ನಕ್ಷತ್ರ ಸಿಗ್ಲಿಲ್ಲ.”

ನನ್ನ ಮಗಳನ್ನು ಮನೆಯಲ್ಲಿ ಲಾಯರಮ್ಮ ಎಂದು ಕರೆಯುತ್ತೇವೆ. ತಪ್ಪು ಮಾಡಿದರೂ ವಾದ ಬಿಡುವವಳಲ್ಲ. ಆ ದಿನ ಮಾತ್ರ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು.

“ಯಾಕಮ್ಮಾ ತಿಂದೆ?” ಎಂದೆ.

“ಹಸಿವಾಗಿತ್ತು.”

“ಬುತ್ತಿ ಇತ್ತಲ್ಲ?”

“ಅದನ್ನ ಗೇಟಿನ ನಾಯಿಗೆ ಹಾಕಿದೆ.”

“ಇವತ್ತಾ?”

“ದಿನಾ.”

ಹೆಂಡತಿ ಒಲೆಯ ಮುಂದೆ ನಿಂತವಳು ಸೌಟು ಕೆಳಗಿಟ್ಟಳು. ಮಗಳೇ ಮುಂದುವರಿಸಿದಳು: “ನಂಗೆ ಅಮ್ಮನ ಊಟ ಇಷ್ಟಾನೇ ಅಪ್ಪಾ. ಆದ್ರೆ ಎಲ್ರೂ ಬಗ್ಗಿ ನೋಡಿ ಕೆಸರು ಅಂತ ನಗ್ತಾರೆ. ಸೇಬು ಇಟ್ಟಾಗ್ಲೂ ಅದರ ಕೆಳಗಿರೋದನ್ನೇ ನೋಡ್ತಾರೆ. ಆಮೇಲೆ ಅದನ್ನ ಅವರ ಮುಂದೆ ಹೇಗೆ ತಿನ್ನೋದು?” ಅಷ್ಟು ಹೇಳಿದ ಮೇಲೆ ಲಾಯರಮ್ಮನಿಗೆ ಜೀವ ಬಂತು. “ಗೋಡೆ ಮೇಲೆ ನಮ್ಮನೆ ಊಟ ಯಾಕಿಲ್ಲ? ಬರೆದೋನು ನೀನೇ ಅಲ್ವಾ?”

ಮಾನ್ಯರೇ, ಮಾದರಿ ಕೊಟ್ಟವರು ತಾವು, ಹಾಗಾಗಿ ಈ ಪ್ರಶ್ನೆಯನ್ನು ತಮ್ಮ ಕಡೆಗೆ ದಾಟಿಸುತ್ತಿದ್ದೇನೆ. ಗೇಟಿನ ನಾಯಿಯನ್ನು ಮರುದಿನ ಹೋಗಿ ನೋಡಿದೆ. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿದೆ, ಬೇಳೆ, ಸೊಪ್ಪು, ಮೊಳಕೆ ಕಾಳು ತಿಂದ ಯಾರಾದರೂ ಹಾಗಾಗಲೇಬೇಕು. ತಮ್ಮ ಯೋಜನೆಯ ನಿಜವಾದ ಫಲಾನುಭವಿಯ ಭಾವಚಿತ್ರ ಬೇಕಿದ್ದರೆ ಅದನ್ನು ಬರೆದುಕೊಡಲು ನಾನು ಸಿದ್ಧ.

ಈಗ ಕೆಲವು ಪ್ರಶ್ನೆಗಳು. ಕುಂಬಳದ ಹೋಳು ತಮ್ಮ ಇಲಾಖೆಗೆ ಏನು ಅನ್ಯಾಯ ಮಾಡಿತ್ತು? ಮೂಲಂಗಿ ಸೊಪ್ಪು ಹಸಿರಲ್ಲ ಎಂದು ಯಾವ ಸಮಿತಿ ತೀರ್ಮಾನಿಸಿತು? ಗೋಡೆಯ ಮೇಲಿನ ಐದರಲ್ಲಿ ಒಂದನ್ನಾದರೂ ತಿಂಗಳಿಡೀ ಮಕ್ಕಳ ಡಬ್ಬಿಗೆ ತುಂಬಿಸಬೇಕಾದರೆ ನಾನು ಎಷ್ಟು ಊರಿನ ಗೋಡೆ ಬರೆಯಬೇಕು? ಕಡಿಮೆ ದುಡ್ಡಿನಲ್ಲಿ ಮಗುವಿನ ಹೊಟ್ಟೆ ಸರಿಯಾಗಿ ತುಂಬಿಸುವುದು ಮೊದಲೇ ಕಷ್ಟದ ಕೆಲಸ. ಅದನ್ನು ಹೇಗೋ ನಿಭಾಯಿಸಿದ ಹೆಂಗಸಿಗೆ, ಅಡುಗೆ ಮಾಡಿದರೆ ಸಾಲದು, ಅದು ನೋಡಲೂ ಚೆಂದ ಇರಬೇಕು ಎಂದು ಹೇಳಿದವರು ಒಂದು ದಿನವಾದರೂ ಮುಚ್ಚುವ ಹೊತ್ತಿನ ಮಾರುಕಟ್ಟೆಗೆ ಚೀಲ ಹಿಡಿದು ಹೋಗಿದ್ದಾರೆಯೇ? ನನ್ನ ಹೆಂಡತಿ ಆ ರಾತ್ರಿ ತನ್ನ ಅಡುಗೆಯನ್ನು ತಾನೇ ಬಟ್ಟಲಲ್ಲಿ ಹಾಕಿಕೊಂಡು, ದೀಪದ ಕೆಳಗೆ ಹಿಡಿದು ನೋಡಿದಳು. ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಶಿಕ್ಷಕಿಯ ಮೇಲೆ ನನಗೆ ದೂರಿಲ್ಲ. ಮಾತಾಡಲು ಹೋದಾಗ ಅವರು ಊಟಕ್ಕೆ ಕೂತಿದ್ದರು. ನನ್ನನ್ನು ಕಂಡ ತಕ್ಷಣ ತಮ್ಮ ಡಬ್ಬಿಯ ಮೇಲೆ ಮುಚ್ಚಳ ಎಳೆದುಕೊಂಡರು. ಅಷ್ಟರೊಳಗೆ ನನಗೆ ಕಂಡಿತ್ತು, ಅನ್ನ, ಬೇಳೆ, ಯಾವುದೋ ಸೊಪ್ಪು, ಎಲ್ಲ ಸೇರಿ ನಮ್ಮ ಮನೆಯದೇ ಬಣ್ಣ. “ನಾನೇನ್ ಮಾಡ್ಲಿ ಹೇಳಿ, ಮೇಲಿಂದ ಬಂದಿರೋದು” ಎಂದರು. ನಾನು ತಲೆಯಾಡಿಸಿದೆ. ನಾನೂ ಮೇಲಿಂದ ಬಂದದ್ದನ್ನೇ ಬರೆದವನಲ್ಲವೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬುತ್ತಿಗಳನ್ನು ಊಟಕ್ಕೆ ಮೊದಲು ನೋಡುವುದನ್ನು ಬಿಟ್ಟು ಊಟವಾದ ಮೇಲೆ ನೋಡಿಸಿ. ಖಾಲಿ ಡಬ್ಬಿ ತೋರಿಸಿದ ಮಗುವಿಗೆ ನಕ್ಷತ್ರ ಕೊಡಿ. ಖಾಲಿ ಡಬ್ಬಿಗಳೆಲ್ಲ ಒಂದೇ ಥರ ಕಾಣುತ್ತವೆ, ಯಾರೂ ಯಾರನ್ನೂ ನೋಡಿ ನಗಲಾರರು. ನಾಯಿಗೆ ಹಾಕಿ ಖಾಲಿ ಮಾಡುವವರಿದ್ದಾರಲ್ಲ ಎಂದು ತಾವು ಕೇಳಬಹುದು. ಬಗ್ಗಿ ನೋಡುವವರಿಲ್ಲದಿದ್ದರೆ ನಾಯಿಯ ಪಾಲು ತಾನಾಗಿಯೇ ನಿಲ್ಲುತ್ತದೆ, ಅದರ ಹೊಣೆ ಲಾಯರಮ್ಮ ಹೊತ್ತಿದ್ದಾಳೆ. ಎರಡನೆಯದಾಗಿ, ಒಂದು ಭಾನುವಾರ ಆ ಗೋಡೆಯನ್ನು ನನಗೆ ಬಿಟ್ಟುಕೊಡಿ. ಐದು ಹಣ್ಣು ತರಕಾರಿಗಳ ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆ ಬರೆಯುತ್ತೇನೆ, ಅದರಲ್ಲಿ ನಮ್ಮ ಮನೆಯ ಊಟ, ಮೇಲೆ ಆವಿ. ಕೂಲಿ ಬೇಡ, ಬಣ್ಣವೂ ಬೇಡ. ಡಬ್ಬಗಳ ತಳದಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಕಲೆಸಿದರೆ ನನಗೆ ಬೇಕಾದ ಬಣ್ಣ ಬರುತ್ತದೆ.

ಉತ್ತರ ಬೇಗ ಬರಲಿ, ಇದಕ್ಕೆ ಕಾರಣವಿದೆ. ಸದ್ಯಕ್ಕೆ ನನಗೆ ಶಾಲೆಯ ಎದುರಿನ ಚಪ್ಪಲಿ ಅಂಗಡಿಯ ಬೋರ್ಡು ಬರೆಯುವ ಕೆಲಸ ಸಿಕ್ಕಿದೆ. ಊಟದ ಗಂಟೆಯಾದಾಗ ಮಗಳು ಶಿಕ್ಷಕಿಯನ್ನು ಕೇಳಿಕೊಂಡು ರಸ್ತೆ ದಾಟಿ ಬರುತ್ತಾಳೆ. ನನ್ನ ಬಣ್ಣದ ಡಬ್ಬದ ಮೇಲೆ ಕೂತು, ಯಾರೂ ಬಗ್ಗಿ ನೋಡದ ಕಡೆ, ಬುತ್ತಿಯನ್ನು ತಳ ಕಾಣುವ ತನಕ ಉಣ್ಣುತ್ತಾಳೆ. ಹಾಗಾಗಿ ಈ ಬೋರ್ಡು ಮುಗಿಯುವುದು ನನಗೆ ಬೇಕಿಲ್ಲ. ಅಕ್ಷರ ಬರೆದಾಯಿತು, ಅಕ್ಷರಗಳಿಗೆ ನೆರಳು ಕೊಟ್ಟಾಯಿತು, ನೆರಳಿಗೆ ಅಂಚು ಎಳೆದಾಯಿತು, ಅಂಚಿನ ಸುತ್ತ ಬಳ್ಳಿ ಹಬ್ಬಿಸಿದ್ದೇನೆ. “ಏನ್ರೀ, ಇದು ಚಪ್ಪಲಿ ಅಂಗಡಿ, ಅರಮನೆ ಅಲ್ಲ” ಎಂದು ಅಂಗಡಿಯವರು ನಿನ್ನೆ ಗೊಣಗಿದರು. ಬೋರ್ಡಿನಲ್ಲಿ ಇನ್ನು ಒಂದು ಮೂಲೆ ಮಾತ್ರ ಖಾಲಿ ಇದೆ. ನಾಳೆ ಅಲ್ಲಿ ಒಂದು ಹಕ್ಕಿ ಬರೆಯುತ್ತೇನೆ. ಅದಾದ ಮೇಲೆ ನನ್ನ ಮಗಳು ಎಲ್ಲಿ ಕೂತು ಉಣ್ಣಬೇಕು ಎಂಬುದನ್ನು ತಾವೇ ಹೇಳಬೇಕು.

ಇಂತಿ,
ತಮ್ಮ ಗೋಡೆಗೆ ಸೇಬು ಬರೆದು, ಮನೆಯ ಸೇಬಿಗೆ ಎಣ್ಣೆ ಹಚ್ಚಿ, ಎರಡರ ರುಚಿಯನ್ನೂ ನೋಡದವನು